ಬೈಯುವವರ ಸಾಲು

ಹಾವಿನ ದ್ವೇಷ ಹನ್ನೆರಡು ವರುಷ ಅಂತ ಗಾದೆ. ಗಿರಿಜಾಂಬಾಳ ದ್ವೇಷಕ್ಕೆ ಇನ್ನೂ ಮೂರೇ ವರ್ಷ, ಹಾಲುಹಲ್ಲು ಉದುರದ ವಯಸ್ಸು. ಆ ದ್ವೇಷವನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಆಕೆ ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಚಾಮರಾಜಪೇಟೆಯ ಸಮುದಾಯ ಭವನಕ್ಕೆ ಅಹಿಂಸೆ ಕಲಿಯಲು ಹೋದಳು.

ಹೌದು, ಅಹಿಂಸೆಯೇ. ನಗಬೇಡಿ. ಹಿಂದಿನ ವಾರ ಹಾಲಿನ ಬೂತಿನ ಪಕ್ಕದ ಗೋಡೆಗೆ ಬ್ಯಾನರ್ ಕಟ್ಟಿದ್ದರು. 'ಶಾಂತಿ ಅಭ್ಯಾಸ ಕೂಟ. ಹನ್ನೆರಡು ಭಾನುವಾರ. ಪ್ರವೇಶ ಉಚಿತ. ಉಪ್ಪಿಟ್ಟು, ಕಾಫಿ ಇದೆ.' ಗಿರಿಜಾಂಬಾಳಿಗೆ ಉಪ್ಪಿಟ್ಟಿನ ಬರವೇನೂ ಇರಲಿಲ್ಲ. ಆದರೆ ಬ್ಯಾನರಿನ ಕೆಳಮೂಲೆಯಲ್ಲಿ ಕೈಮುಗಿದು ನಿಂತಿದ್ದವನ ಫೋಟೋ ನೋಡಿ ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ ಜಾರಿತು. 'ಸಹಕಾರ: ಶ್ರೀ ಗೌರೀಶ್, ಸಮಾಜ ಸೇವಕರು' ಅಂತ ಬರೆದಿತ್ತು. ಸಮಾಜ ಸೇವಕನಂತೆ! ಬೆಕ್ಕು ಸನ್ಯಾಸ ತಗೊಂಡು ಇಲಿಗಳಿಗೆ ಪ್ರವಚನ ಹೇಳೋಕೆ ಕೂತಿತ್ತು.

ಮೂರು ವರ್ಷದ ಹಿಂದೆ ಇದೇ ಗೌರೀಶ್ ಗಿರಿಜಾಂಬಾಳ ಗಂಡನ ಕೆನ್ನೆಗೆ ಹೊಡೆದಿದ್ದ. ಮನೆ ಮುಂದೆಯೇ, ಹಗಲು ಹನ್ನೊಂದು ಗಂಟೆಗೆ. ವೃಷಭೇಂದ್ರಪ್ಪನವರು ಬಳೇಪೇಟೆಯ ತಮ್ಮ ಬಳೆ ಅಂಗಡಿಗೆ ಹೊರಟಿದ್ದರು. ಹಳೆಯ ಸ್ಕೂಟರು ಗೇಟಿನ ಮುಂದೆ ನಿಂತು ಮೊಂಡು ಹಿಡಿದಿತ್ತು, ಎಷ್ಟು ಒದ್ದರೂ ಸ್ಟಾರ್ಟ್ ಆಗಲಿಲ್ಲ. ಹಿಂದೆ ಗೌರೀಶನ ದೊಡ್ಡ ಕಾರು. ಎರಡು ಸಲ ಹಾರ್ನ್ ಹೊಡೆದ, ಮೂರನೇ ಸಲ ಇಳಿದು ಬಂದ. 'ಒಂದ್ನಿಮಿಷ ಇರಪ್ಪಾ' ಅಂದರು ಇವರು. ಅಷ್ಟಕ್ಕೇ ಬಿತ್ತು. ಹೊಡೆತದ ರಭಸಕ್ಕೆ ಕೊರಳಿನ ಶಿವದಾರ ಕಿತ್ತು, ಇಷ್ಟಲಿಂಗ ಇಟ್ಟುಕೊಳ್ಳುವ ಬೆಳ್ಳಿ ಕರಡಿಗೆ ಠಣ್ಣನೆ ರಸ್ತೆಗೆ ಬಿದ್ದು ಮೋರಿ ಅಂಚಿಗೆ ಉರುಳಿತು. ಮೇಲಿನ ಕಿಟಕಿಯಿಂದ ನೋಡುತ್ತಿದ್ದ ಗಿರಿಜಾಂಬಾ ಓಡಿ ಬಂದು ಎತ್ತಿಕೊಂಡಳು. ಗೌರೀಶ್ ಅಷ್ಟರಲ್ಲಿ ಸ್ಕೂಟರನ್ನು ಕಾಲಿಂದ ಪಕ್ಕಕ್ಕೆ ತಳ್ಳಿ, ಫೋನಿನಲ್ಲಿ ಯಾರಿಗೋ 'ಬಂದೆ ಮಗಾ, ಐದು ನಿಮಿಷ' ಅನ್ನುತ್ತಾ ಹೊರಟುಹೋಗಿದ್ದ. ಎದುರು ಮೆಡಿಕಲ್ ಸ್ಟೋರಿನ ಅನಿಲ್ ಕುಮಾರ್ ನೋಡಿದ. ಮೂಲೆಯಲ್ಲಿ ಹೂ ಕಟ್ಟುವ ಚಿಕ್ಕಮುನಿಯಮ್ಮ ನೋಡಿದಳು. ಬೀದಿಗೆ ಬೀದಿಯೇ ನೋಡಿತು. ಒಂದು ನರಪಿಳ್ಳೆ ಮುಂದೆ ಬರಲಿಲ್ಲ. ಆಮೇಲೆ ಎಲ್ಲರೂ ಬಂದು ಬುದ್ಧಿ ಹೇಳಿದರು. "ಬಿಡಿ ಅಕ್ಕಾ, ಅಂಥೋರ ಸಹವಾಸ ನಮಗ್ಯಾಕೆ" ಅಂದರು.

ಪೊಲೀಸರ ಹತ್ತಿರ ಹೋಗೋಣವೆಂದರೆ ವೃಷಭೇಂದ್ರಪ್ಪನವರೇ ಬೇಡವೆಂದರು. ಮಠದಿಂದ ರೇವಣಸಿದ್ದಯ್ಯನವರು ಬಂದು ಶಾಂತಿ ಮಾಡಿಸಿ, ಹೊಸ ಕರಡಿಗೆಯಲ್ಲಿ ಲಿಂಗ ಇಟ್ಟು ಕಟ್ಟಿದರು. "ಕೆಳಗೆ ಬಿದ್ರೆ ಶಿವ ಸಣ್ಣೋನಾಗಲ್ಲ, ಏಳಿ" ಅಂದರು. ಇವರು ಏಳಲಿಲ್ಲ. ಅವತ್ತಿನಿಂದ ಮನೆಯ ಮೆಟ್ಟಿಲು ಇಳಿಯಲಿಲ್ಲ. ಒಂದೇ ಒಂದು ಸಲ ಹೆಂಡತಿಯ ಹತ್ತಿರ ಬಾಯಿ ಬಿಟ್ಟಿದ್ದರು. "ಏಟು ಬಿದ್ದಾಗ ನನ್ನ ಎರಡೂ ಕೈ ಕೆನ್ನೆಗೆ ಹೋಯ್ತು ಗಿರಿಜಾ. ಎದೆಗೆ ಹೋಗ್ಲಿಲ್ಲ. ಎಪ್ಪತ್ತು ವರ್ಷ ಲಿಂಗ ಕಟ್ಕೊಂಡಿದ್ದು, ಆ ಹೊತ್ತಲ್ಲಿ ನಾನು ಕಾಪಾಡಿದ್ದು ನನ್ನ ಮುಖಾನ."

ಆ ಮಾತು ಕೇಳಿದ ದಿನ ಗಿರಿಜಾಂಬಾ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಅವರಂಥ ಮನುಷ್ಯ! ಮನೆಗೆ ಬಂದವರನ್ನು ಗೇಟಿನವರೆಗೆ ಬಿಟ್ಟು ಬರದಿದ್ದರೆ ಅವರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ ತಂದವನನ್ನೂ ಕೆಳಗಿನವರೆಗೆ ಮಾತಾಡಿಸಿಕೊಂಡು ಹೋಗುತ್ತಿದ್ದರು. ಈಗ ಯಾರಾದರೂ ನೆಂಟರು ಬಂದರೆ ಒಳಕೋಣೆಗೆ ಹೋಗಿ ಮಲಗಿದ ಹಾಗೆ ನಟಿಸುತ್ತಿದ್ದರು, ಕಳಿಸಿಕೊಡಲು ಕೆಳಗಿಳಿಯಬೇಕಾದೀತೆಂಬ ಹೆದರಿಕೆಗೆ. ಚಪ್ಪಲಿಯನ್ನು ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸಿದ್ದರು. ಅಂಗಡಿಯನ್ನು ಈಗ ಗಿರಿಜಾಂಬಾ ಒಬ್ಬಳೇ ನಡೆಸುತ್ತಿದ್ದಳು. ನೆಗ್ಗಿದ ಹಳೆಯ ಕರಡಿಗೆಯನ್ನು ಕೆಂಪು ಖಣದಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದಳು.

ಅವಳಿಗೆ ಬೇಕಾಗಿದ್ದದ್ದು ಒಂದು ಏಟು. ಎರಡು ಬೇಡ, ಒಂದೇ. ಅದೇ ಬೀದಿಯಲ್ಲಿ, ಅದೇ ಜನರೆದುರು, ಅದೇ ಎಡಗೆನ್ನೆಗೆ. ಅದು ಬಿದ್ದ ಸದ್ದು ಮೇಲಿನ ಕಿಟಕಿಗೆ ಕೇಳಿಸಬೇಕು. ಆಗ ಯಜಮಾನರು ಎದ್ದು ಬಂದಾರು ಎಂದು ಆಕೆ ನಂಬಿದ್ದಳು.

*

ಕೂಟ ನಡೆಸುತ್ತಿದ್ದವರು ಮಲ್ಲೇಶ್ವರದ ರಂಗನಾಯಕಿ, ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತರಾದವರು. ಎಪ್ಪತ್ತು ದಾಟಿದ್ದರೂ ಸಂಪಿಗೆ ರಸ್ತೆಯಿಂದ ಮೆಟ್ರೋ ಹಿಡಿದು ಒಬ್ಬರೇ ಬರುತ್ತಿದ್ದರು. ಮೊದಲ ದಿನವೇ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, "ಅಹಿಂಸೆ ಅಂದ್ರೆ ಬಾಯ್ಮುಚ್ಕೊಂಡು ಮನೇಲಿ ಕೂರೋದಲ್ಲ. ಅದು ಈಜಿದ್ದ ಹಾಗೆ. ನೀರಿಗಿಳೀದೆ ಈಜು ಬರಲ್ಲ, ಬೈಸ್ಕೊಳ್ದೆ ತಾಳ್ಮೆ ಬರಲ್ಲ. ಏಳಿ, ಎರಡು ಸಾಲು ಮಾಡಿ" ಅಂದರು.

ಒಂದು ಬೈಯುವವರ ಸಾಲು, ಎದುರಿಗೆ ಬೈಸಿಕೊಳ್ಳುವವರ ಸಾಲು. ಬೈಯುವವರು ಬಾಯಿಗೆ ಬಂದದ್ದನ್ನು ಬೈಯಬೇಕು, ಭುಜ ತಳ್ಳಬೇಕು, ತಲೆ ಮೇಲೆ ಒಂದು ಲೋಟ ನೀರನ್ನೂ ಸುರಿಯಬಹುದು. ಬೈಸಿಕೊಳ್ಳುವವರು ಕಣ್ಣಿಗೆ ಕಣ್ಣಿಟ್ಟು ನಿಂತಿರಬೇಕು, ತಿರುಗಿ ಕೈ ಎತ್ತಕೂಡದು, ಓಡಿಯೂ ಹೋಗಕೂಡದು. ಇದರ ಜೊತೆಗೆ ಇನ್ನೊಂದು ಪಾಠ: ಬೀದಿಯಲ್ಲಿ ಒಬ್ಬರಿಗೆ ಅನ್ಯಾಯವಾಗುವಾಗ ಸುಮ್ಮನೆ ನೋಡುತ್ತಾ ನಿಲ್ಲದೆ, ಹೋಗಿ ಅವರ ಪಕ್ಕದಲ್ಲಿ ಕೂರುವುದು. ಕೈ ಮಾಡದೆ, ಕೂಗದೆ, ಸುಮ್ಮನೆ ಪಕ್ಕದಲ್ಲಿ.

ಮೂವತ್ತು ಜನ ಸೇರಿದ್ದರು, ಹೆಚ್ಚಿನವರು ಮರ್ಯಾದಸ್ಥರು. ಅಲ್ಲಿಯೇ ಆಯಿತು ಪಜೀತಿ. ಬಸವನಗುಡಿಯ ವಿಶ್ವಾರಾಧ್ಯ, ಬ್ಯಾಂಕಿನಿಂದ ನಿವೃತ್ತರಾದ ಬಡಪಾಯಿ, ಬೈಯುವ ಸಾಲಿನಲ್ಲಿ ನಿಂತು ಹತ್ತು ಸಲ ಗಂಟಲು ಸರಿಮಾಡಿಕೊಂಡರು.

"ಸ್ವಾಮಿ, ತಾವು... ತಾವು ಸ್ವಲ್ಪ ಅಯೋಗ್ಯರು. ದಯವಿಟ್ಟು ತಪ್ಪು ತಿಳ್ಕೋಬೇಡಿ."

ಇನ್ನೊಬ್ಬಾಕೆ "ನಿಮ್ಮ ಮನೆ ಹಾಳಾಗ್ಲಿ ಅಂತ ಅಂದ್ಕೊಳ್ಳಿ" ಎಂದು ನಾಚಿಕೊಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ರಂಗನಾಯಕಿ ಹಣೆ ಚಚ್ಚಿಕೊಂಡರು. ಹೀಗೆ ಬೈಸಿಕೊಂಡರೆ ಯಾರಿಗೆ ತಾನೆ ತಾಳ್ಮೆ ಬಂದೀತು?

ಗಿರಿಜಾಂಬಾಳ ಸರದಿ ಬಂತು. ಎದುರಿಗೆ, ಬಿಳಿ ಶರಟು ಹಾಕಿಕೊಂಡು, ಗೌರೀಶ್. ಎರಡು ತಿಂಗಳಿಂದ ಗಡ್ಡ ಬಿಟ್ಟಿದ್ದ. ಅವಳನ್ನು ನೇರ ನೋಡಿ "ಶುರು ಮಾಡಿ ಅಮ್ಮಾ" ಅಂದ. ಗುರುತೇ ಸಿಗಲಿಲ್ಲ ಅವನಿಗೆ! ಮೂರು ವರ್ಷ ಹಗಲೂ ರಾತ್ರಿ ಇವನ ಮುಖ ಜಪಿಸಿದವಳು ಇವಳು, ಇವಳ ಮುಖದ ಮೇಲೆ ಅವನ ಕಣ್ಣು ಒಂದು ಗಳಿಗೆ ನಿಲ್ಲಲಿಲ್ಲ. ಗಿರಿಜಾಂಬಾಳ ಬಾಯಿಗೆ ಹಾಕಿದ್ದ ಬೀಗ ಅಲ್ಲಿಗೆ ಕಿತ್ತುಹೋಯಿತು.

"ಏನೋ ಹೆತ್ತೊಟ್ಟೆಗೆ ಕಿಚ್ಚಿಟ್ಟೋನೇ! ಮೈಮೇಲೆ ಬಿಳೀ ಬಟ್ಟೆ, ಒಳಗೆಲ್ಲಾ ಮೋರಿ ಕೊಚ್ಚೆ! ನಾಲ್ಕು ಚಕ್ರ ಬಂದ್ಬಿಟ್ರೆ ರಸ್ತೆ ನಿಮ್ಮಪ್ಪನ ಆಸ್ತಿಯೇನೋ? ಮುದುಕರ ಮೇಲೆ ಏಳತ್ತಲ್ಲ, ಆ ನಿನ್ನ ಕೈ ಸೇದ್ಹೋಗ! ನಿನ್ನ ಬಾಯಿಗೆ ಮಣ್ಣು ಹಾಕ! ನೀನು ತಿನ್ನೋ ಅನ್ನ ನಿನಗೇ ವಿಷ ಆಗ!"

ವಿಶ್ವಾರಾಧ್ಯರ ಕೈಯಲ್ಲಿದ್ದ ನೀರಿನ ಲೋಟ ತಾನಾಗಿಯೇ ಅವರ ಶರಟಿನ ಮೇಲೆ ಚೆಲ್ಲಿತು. ಗೌರೀಶ್ ಮಾತ್ರ ನಗುತ್ತಾ ಕೈಮುಗಿದ. "ಸೂಪರ್ ಅಮ್ಮಾ! ಒರಿಜಿನಲ್ ಥರಾನೇ ಬೈತೀರಾ" ಅಂದ.

ಅವತ್ತಿನಿಂದ ಗಿರಿಜಾಂಬಾ ಬೈಯುವವರ ಸಾಲಿಗೆ ಕಾಯಂ. ರಂಗನಾಯಕಿ ಆಕೆಯನ್ನು ಬೈಸಿಕೊಳ್ಳುವ ಸಾಲಿಗೆ ಒಂದು ಸಲ ಹಾಕಿ ನೋಡಿದರು, ಎದುರಿಗಿದ್ದವರು ಬೈಯುವ ಬದಲು ಕ್ಷಮೆ ಕೇಳಿ ಕೂತುಬಿಟ್ಟರು.

ಉಪ್ಪಿಟ್ಟಿನ ಹೊತ್ತಿನಲ್ಲಿ ಎಲ್ಲರೂ ದುಂಡಗೆ ಕೂತು ತಮ್ಮ ತಮ್ಮ ಕೋಪದ ಕಥೆ ಹೇಳಿಕೊಳ್ಳಬೇಕಿತ್ತು. ಗೌರೀಶ್ ಚಮಚದಿಂದ ಗೋಡಂಬಿ ಹೆಕ್ಕುತ್ತಾ ಹೇಳಿದ: "ಮೊದ್ಲು ನಾನು ಭಾರೀ ಕೋಪಿಷ್ಠ. ಎಷ್ಟು ಜನಕ್ಕೆ ಹೊಡ್ದಿದೀನೋ ನನಗೇ ನೆನಪಿಲ್ಲ. ಈಗ ಎಲ್ಲಾ ಬಿಟ್ಬಿಟ್ಟಿದೀನಿ." ಹೇಳುವಾಗ ಮುಖದಲ್ಲಿ ನಾಚಿಕೆಯ ಎಳೆಯೂ ಇರಲಿಲ್ಲ. ಕಾರ್ಪೊರೇಷನ್ ಎಲೆಕ್ಷನ್ ಬರಲಿದೆ, ಟಿಕೆಟ್ಟಿಗೆ ಓಡಾಡುತ್ತಿದ್ದಾನೆ ಎಂದು ಪಕ್ಕದವರು ಪಿಸುಗುಟ್ಟಿದರು.

ಐದನೇ ಭಾನುವಾರ, ಜೋಡಿ ಜೋಡಿಯಾಗಿ ಕೈ ಹಿಡಿದು ಕಣ್ಣುಮುಚ್ಚಿ ಕೂರುವ ಪಾಠ. ಅವಳ ಪಾಲಿಗೆ ಬಂದದ್ದು ಗೌರೀಶನ ಬಲಗೈ. ನಲವತ್ತು ವರ್ಷ ಹೆಂಗಸರ ಕೈ ಅದುಮಿ, ಮಡಿಸಿ, ಬಳೆ ತೊಡಿಸಿದವಳು ಗಿರಿಜಾಂಬಾ. ಮುಟ್ಟಿದರೆ ಸಾಕು, ಬಳೆಯ ಅಳತೆ ಎರಡೂ-ಆರೋ ಎರಡೂ-ಎಂಟೋ ಹೇಳುತ್ತಾಳೆ. ಇವನ ಕೈ ದಪ್ಪ, ಮೆತ್ತಗೆ, ಬೆಚ್ಚಗೆ. ಹೆಬ್ಬೆರಳಿನ ಬುಡದಲ್ಲಿ ಕೊಬ್ಬಿದ ಮಾಂಸ. ಅಲ್ಲಿಂದಲೇ ಏಟಿಗೆ ಭಾರ ಬರುವುದು. 'ಇದೇ' ಅಂದುಕೊಂಡಳು. ಹೆಬ್ಬೆರಳನ್ನು ಹಿಂದಕ್ಕೆ ಮಡಿಸಿ ಮುರಿಯುವುದು ಎಷ್ಟು ಹೊತ್ತಿನ ಕೆಲಸ ಎನ್ನುವುದೂ ಅವಳಿಗೆ ಗೊತ್ತಿತ್ತು. ಐದು ನಿಮಿಷ ಹಲ್ಲು ಕಚ್ಚಿ ಕೂತಳು. "ನಿಮ್ಮ ಕೈಯಲ್ಲಿ ಏನೋ ಶಾಂತಿ ಇದೆ ಅಮ್ಮಾ" ಅಂದ ಆ ಪುಣ್ಯಾತ್ಮ.

*

ಕೂಟದ ಕೊನೆಗೆ, ಅಕ್ಟೋಬರ್ ಎರಡಕ್ಕೆ, ಬೀದಿಯಲ್ಲಿ ಎಲ್ಲರೆದುರು ಒಂದು ಪ್ರದರ್ಶನ ಅಂತ ಗೊತ್ತಾಯಿತು. ರಸ್ತೆ ಜಗಳದ ಸನ್ನಿವೇಶ. ಕೋಪಿಷ್ಠೆಯೊಬ್ಬಳು ಬೈದು ಕೆನ್ನೆಗೆ ಹೊಡೆಯುತ್ತಾಳೆ, ಎದುರಿನವನು ಕೈಮುಗಿದು ನಿಲ್ಲುತ್ತಾನೆ. ಹೊಡೆಸಿಕೊಳ್ಳುವ ಪಾತ್ರವನ್ನು ಗೌರೀಶ್ ತಾನೇ ಕೇಳಿ ತೆಗೆದುಕೊಂಡ. ಹೊಡೆಯುವವಳು ಯಾರೆಂದು ಕೇಳಬೇಕೇ?

"ಜಾಗ ಯಾವುದಿರ್ಲಿ?" ಅಂದರು ರಂಗನಾಯಕಿ.

"ನಮ್ಮನೆ ಮುಂದೆ ಅಗಲವಾಗಿದೆ, ಜನಾನೂ ಜಾಸ್ತಿ ಓಡಾಡ್ತಾರೆ" ಅಂದಳು ಗಿರಿಜಾಂಬಾ. ವಿಳಾಸ ಹೇಳಿದಳು. ಗೌರೀಶನ ಹುಬ್ಬು ಕೂಡ ಅಲುಗಲಿಲ್ಲ. "ಒಳ್ಳೇ ಜಾಗ, ಅಲ್ಲಿ ನಮ್ಮ ಹುಡುಗರೆಲ್ಲಾ ಇದಾರೆ" ಅಂದ.

ಹತ್ತನೇ ಭಾನುವಾರ ತಾಲೀಮು. ಕೈ ಬೀಸಿ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ನಿಲ್ಲಿಸಬೇಕು, ಹಿಂದೆ ನಿಂತವರು ಚಪ್ಪಾಳೆ ತಟ್ಟಿ ಸದ್ದು ಮಾಡುತ್ತಾರೆ ಅಂತ ಹೇಳಿಕೊಟ್ಟಿದ್ದರು. ಗಿರಿಜಾಂಬಾ ತಲೆಯಾಡಿಸಿದ್ದಳು. ಆದರೆ ಆ ಗಡ್ಡದ ಕೆನ್ನೆ ಅಷ್ಟು ಹತ್ತಿರದಲ್ಲಿ, ಅಷ್ಟು ಅನುಕೂಲವಾಗಿ ನಿಂತಿತ್ತಲ್ಲ! ಅಕ್ಟೋಬರ್‌ವರೆಗೆ ಕಾಯುವ ತಾಳ್ಮೆ ಯಾರಪ್ಪನ ಮನೆಯದು? ಕೈ ಬೀಸಿತು, ನಿಲ್ಲಲಿಲ್ಲ. ಛಟೀರ್ ಅಂತ ಬಿತ್ತು. ಅವಳ ಎರಡು ಗಾಜಿನ ಬಳೆ ಒಡೆದು ನೆಲದ ಮೇಲೆ ಚೆಲ್ಲಿದವು.

ಆಹಾ! ಆ ಕ್ಷಣ ಇತ್ತಲ್ಲ, ಮೂರು ವರ್ಷದ ಉರಿಗೆ ತಣ್ಣೀರು ಸುರಿದ ಹಾಗಿತ್ತು. ಅಷ್ಟೇ, ಒಂದು ಕ್ಷಣ. ಗೌರೀಶನ ಕಣ್ಣು ಕೆಂಪಾಯಿತು, ಕತ್ತಿನ ನರ ಉಬ್ಬಿತು. ಆಮೇಲೆ ಅವನ ನೋಟ ಪಕ್ಕಕ್ಕೆ ಹೊರಳಿತು. ಅವನ ಕಡೆಯವನೊಬ್ಬ ಮೊಬೈಲ್ ಹಿಡಿದು ನಿಂತಿದ್ದ. ಗೌರೀಶ್ ಮೆಲ್ಲಗೆ ಎರಡೂ ಕೈ ಜೋಡಿಸಿ, "ಇನ್ನೊಂದು ಕೆನ್ನೇನೂ ಇದೆ ಅಮ್ಮಾ" ಅಂದ. ಕೂಟಕ್ಕೆ ಕೂಟವೇ ಎದ್ದು ಚಪ್ಪಾಳೆ ತಟ್ಟಿತು. ವಿಶ್ವಾರಾಧ್ಯರು ಕಣ್ಣೊರೆಸಿಕೊಂಡರು.

ಸಂಜೆಯೊಳಗೆ ಆ ವಿಡಿಯೋ ಎಲ್ಲರ ಫೋನಿನಲ್ಲಿತ್ತು. 'ಕಪಾಳಕ್ಕೆ ಬಿದ್ದರೂ ಕೈಮುಗಿದ ನಮ್ಮ ನಾಯಕ' ಅಂತ ಮೇಲೆ ದಪ್ಪಕ್ಷರ, ಹಿಂದೆ ಕೊಳಲಿನ ಸದ್ದು. ಗಿರಿಜಾಂಬಾಳ ಬೆನ್ನು ಮಾತ್ರ ಕಾಣುತ್ತಿತ್ತು. ಮಾತ್ರೆ ತರಲು ಹೋದರೆ ಅನಿಲ್ ಕುಮಾರ್ ತಾನೇ ಫೋನ್ ಮುಂದೆ ಹಿಡಿದ. "ನೋಡಿ ಅಕ್ಕಾ, ಎಂಥಾ ಮನುಷ್ಯ ಆಗ್ಬಿಟ್ಟ! ಇಂಥೋರ್ಗೇ ಓಟ್ ಹಾಕ್ಬೇಕು."

ಗಿರಿಜಾಂಬಾ ಮಾತ್ರೆ ತೆಗೆದುಕೊಳ್ಳದೆ ತಿರುಗಿದಳು. ಮೂರು ವರ್ಷ ಜೋಪಾನ ಮಾಡಿದ್ದ ಒಂದೇ ಒಂದು ಏಟು, ಅದನ್ನು ತಾನೇ ಕೈಯಾರೆ ಅವನಿಗೆ ಹಾರ ಮಾಡಿ ಹಾಕಿ ಬಂದಿದ್ದಳು. ಮನೆಗೆ ಬಂದರೆ ವೃಷಭೇಂದ್ರಪ್ಪನವರು ಅವಳ ಕೆಂಪೇರಿದ ಅಂಗೈ ನೋಡಿ "ಕೈಗೇನಾಯ್ತು?" ಅಂದರು.

"ಬಳೆ ಒಡೀತು."

ಅವರು ಗೋಡೆ ಕಡೆ ತಿರುಗಿ ಕೂತರು.

ಮುಂದಿನ ಭಾನುವಾರ ಎಲ್ಲರೂ ಹೋದ ಮೇಲೆ ರಂಗನಾಯಕಿ ಅವಳನ್ನು ನಿಲ್ಲಿಸಿಕೊಂಡರು. "ಅದು ತಾಲೀಮಿನ ಏಟಲ್ಲ. ಯಾವತ್ತಿಂದು ಹೇಳಿ, ಗಿರಿಜಾಂಬಾ" ಅಂದರು. ಮಕ್ಕಳ ಸುಳ್ಳು ಹಿಡಿದು ಹಿಡಿದು ಪಳಗಿದ ಕಣ್ಣು. ಗಿರಿಜಾಂಬಾ ಎಲ್ಲವನ್ನೂ ಹೇಳಿದಳು, ಕೆನ್ನೆಗೆ ಹೋದ ಕೈಯ ಮಾತನ್ನೂ ಹೇಳಿದಳು. ಹೇಳಿ, "ಕ್ಷಮಿಸಿಬಿಡಿ ಅಂತ ಮಾತ್ರ ಹೇಳ್ಬೇಡಿ ಟೀಚರ್, ನಿಮ್ಮನ್ನೂ ಬೈದ್ಬಿಟ್ಟೇನು" ಅಂದಳು.

"ನಾನ್ಯಾಕೆ ಹೇಳ್ಲಿ? ಬಿಟ್ಟುಬಿಡೋರಿಗೆ ಈ ಕ್ಲಾಸೇ ಬೇಡ. ಆದ್ರೆ ಒಂದು ಕೇಳಿ. ಹೊಡೆದ್ರೆ ನೀವು ಕೊಟ್ಟ ಹಾಗಾಯ್ತು. ಅವನು ಇಸ್ಕೊಂಡು ಹೋದ. ಅದರ ಬದಲು ಕೇಳಿ. ಎಲ್ಲರೆದುರು ಕೇಳಿ, ಅವನು ಕೊಡೋವರ್ಗೂ ಏಳ್ಬೇಡಿ."

"ಏನು ಕೇಳ್ಲಿ? ಸಾರಿ ಅಂತಾನೆ. ಅದಕ್ಕೇನು ಅವನ ಗಂಟು ಹೋಗತ್ತೆ?"

"ಹಾಗಾದ್ರೆ ಅವನಿಗೆ ಭಾರ ಆಗೋವಂಥದ್ದೇ ಕೇಳಿ" ಅಂದು ರಂಗನಾಯಕಿ ಕೊಡೆ ತೆಗೆದುಕೊಂಡು ಮೆಟ್ರೋಗೆ ಹೊರಟರು.

ಬೈಸಿಕೊಳ್ಳುವವರ ಸಾಲಿನಲ್ಲೂ ಹಲ್ಲು ಇರುತ್ತದೆಂದು ಗಿರಿಜಾಂಬಾಳಿಗೆ ಹೊಳೆದದ್ದು ಅವತ್ತು. ಮನೆಗೆ ಬಂದವಳೇ ಬೀರು ತೆಗೆದು ಕೆಂಪು ಖಣದ ಗಂಟನ್ನು ಮುಟ್ಟಿ ನೋಡಿದಳು.

*

ಅಕ್ಟೋಬರ್ ಎರಡು, ಹನ್ನೊಂದು ಗಂಟೆ. ಬೀದಿಯ ಎರಡೂ ತುದಿಗೆ ಹಗ್ಗ ಕಟ್ಟಿದ್ದರು. ಗೌರೀಶನ ಹುಡುಗರು ಮೈಕು, ಶಾಮಿಯಾನ, ಮೂರು ಕಡೆ ಮೊಬೈಲು ಇಟ್ಟಿದ್ದರು. ಅವನು ಖಾದಿ ಜುಬ್ಬದಲ್ಲಿ ಮಿಂಚುತ್ತಿದ್ದ. ಚಿಕ್ಕಮುನಿಯಮ್ಮ ಹೂವಿನ ಬುಟ್ಟಿ ಬಿಟ್ಟು ಎದ್ದು ನಿಂತಿದ್ದಳು, ಅನಿಲ್ ಕುಮಾರ್ ಅಂಗಡಿಯ ಮೆಟ್ಟಿಲ ಮೇಲಿದ್ದ. ಮೇಲೆ, ಗಿರಿಜಾಂಬಾಳ ಮನೆಯ ಕಿಟಕಿಯ ಒಂದು ಬಾಗಿಲು ಅರ್ಧ ತೆರೆದಿತ್ತು.

ಗೌರೀಶ್ ನಡುರಸ್ತೆಗೆ ಬಂದು ಕೈಮುಗಿದು ಎಡಗೆನ್ನೆ ಮುಂದೆ ಮಾಡಿ ನಿಂತ. ಗಿರಿಜಾಂಬಾ ಎದುರು ಬಂದಳು. ಬೈಯಲಿಲ್ಲ. ಸೊಂಟದಿಂದ ಖಣದ ಗಂಟು ತೆಗೆದು ಬಿಚ್ಚಿ, ನೆಗ್ಗಿದ ಬೆಳ್ಳಿ ಕರಡಿಗೆಯನ್ನು ಮೋರಿಯ ಅಂಚಿನಲ್ಲಿ, ಅವತ್ತು ಬಿದ್ದಿದ್ದ ಜಾಗದಲ್ಲೇ, ಇಟ್ಟಳು. ಒಳಗೆ ಲಿಂಗವಿಲ್ಲ, ಬರೀ ಬೆಳ್ಳಿ. ಆದರೂ ಶಿವಾ ತಪ್ಪಾಯ್ತು ಅಂತ ಮನಸ್ಸಿನಲ್ಲೇ ಅಂದುಕೊಂಡಳು. ಆಮೇಲೆ ಅದರ ಪಕ್ಕದಲ್ಲಿ ಸೀರೆ ಸರಿಮಾಡಿಕೊಂಡು ಚಕ್ಕಂಬಕ್ಕಳ ಹಾಕಿ ಕೂತಳು.

"ಹೊಡೀರಿ ಅಮ್ಮಾ, ಲೈವ್ ಹೋಗ್ತಿದೆ" ಎಂದು ಗೌರೀಶ್ ಹಲ್ಲಿನ ಸಂದಿಯಲ್ಲೇ ಹೇಳಿದ.

"ಹೊಡೆಯೋದಿಲ್ಲ ಗೌರೀಶಪ್ಪ." ದನಿ ಎತ್ತರಿಸಲಿಲ್ಲ, ಆದರೂ ಮೈಕು ಹತ್ತಿರವೇ ಇತ್ತು. "ಮೂರು ವರ್ಷದ ಹಿಂದೆ, ಇದೇ ಜಾಗದಲ್ಲಿ, ಸ್ಕೂಟರ್ ಸ್ಟಾರ್ಟ್ ಆಗ್ಲಿಲ್ಲ ಅಂತ ನೀವು ಒಬ್ಬರ ಕೆನ್ನೆಗೆ ಹೊಡೆದ್ರಿ. ಅವರು ನಮ್ಮ ಯಜಮಾನರು. ಅವರ ಕರಡಿಗೆ ಇಲ್ಲಿ ಬಿತ್ತು. ಎತ್ತಿಕೊಡಿ."

"ಯಾವಾಗ? ನನಗೆ ನೆನಪಿಲ್ಲ. ಏನಮ್ಮಾ ಇದು, ಸ್ಕ್ರಿಪ್ಟಲ್ಲಿ ಇಲ್ಲ..."

"ನೆನಪು ಮಾಡ್ಕೊಳ್ಳಿ. ನಾನು ಕೂತಿರ್ತೀನಿ."

"ಏಳಮ್ಮಾ ಮೇಲೆ."

"ಎತ್ತಿಕೊಡಿ."

ಜನ ಗುಜುಗುಜು ಅಂದರು. ಮೊಬೈಲ್ ಹಿಡಿದ ಹುಡುಗ ಏನು ಮಾಡಬೇಕೆಂದು ತಿಳಿಯದೆ ಹಿಡಿದೇ ನಿಂತ. ಗೌರೀಶನ ಕತ್ತಿನ ನರ ಉಬ್ಬಿತು. ಹನ್ನೊಂದು ಭಾನುವಾರದ ಉಪ್ಪಿಟ್ಟು ಎಲ್ಲಿ ಕರಗಿಹೋಯಿತೋ, "ಏಯ್, ಮುದ್ಕಿ, ಯಾರು ಹೇಳ್ಕೊಟ್ಟಿದ್ದು ನಿಂಗೆ?" ಅನ್ನುತ್ತಾ ಬಗ್ಗಿದ. ಬಲಗೈ ಮೇಲೆದ್ದಿತು.

ಅದೇ ಕೈ. ಗಿರಿಜಾಂಬಾ ಕಣ್ಣು ಮುಚ್ಚಲಿಲ್ಲ. ಬಾ, ಹೊಡಿ, ಎಲ್ಲರೂ ನೋಡ್ಲಿ ಎಂದು ಅವಳ ಮನಸ್ಸು ಕುಣಿಯಿತು. ಒಳ್ಳೆಯತನ ಅಂತ ತಪ್ಪು ತಿಳಿಯಬೇಡಿ, ಅದು ಶುದ್ಧ ಸೇಡಿನ ಕುಣಿತ. ಆದರೆ ಅವಳ ಎರಡೂ ಕೈ ಕೆನ್ನೆಗೆ ಹೋಗಲಿಲ್ಲ. ಎದೆಯ ಮೇಲೆ, ಕುಪ್ಪಸದೊಳಗಿನ ತನ್ನ ಲಿಂಗದ ಮೇಲೆ, ಒಂದರ ಮೇಲೊಂದು ಗಟ್ಟಿಯಾಗಿ ಕೂತವು. ಅದು ಮೇಲಿನ ಕಿಟಕಿಗೆ ಕಂಡಿರಬೇಕು.

ಎತ್ತಿದ ಕೈ ಗಾಳಿಯಲ್ಲೇ ನಿಂತಿತು, ಏಕೆಂದರೆ ಪಕ್ಕದಲ್ಲಿ ಯಾರೋ ಕೂರುವ ಸದ್ದಾಯಿತು. ವಿಶ್ವಾರಾಧ್ಯರು. ಮಂಡಿ ನೋವಿಗೆ 'ಅಯ್ಯಪ್ಪಾ' ಅನ್ನುತ್ತಾ, ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲೇ ಮೋರಿಯ ಪಕ್ಕ ಕೂತರು. "ಎತ್ತಿಕೊಡಿ ಸ್ವಾಮಿ" ಅಂದರು. ರಂಗನಾಯಕಿ ಬಂದು ಕೂತರು. ಕಲಿತ ಪಾಠದಂತೆ ಒಬ್ಬೊಬ್ಬರೇ ಬಂದರು, ಇಡೀ ಕೂಟ ರಸ್ತೆಗಿಳಿಯಿತು. ಆಮೇಲೆ ಕೂಟದವಳಲ್ಲದ ಚಿಕ್ಕಮುನಿಯಮ್ಮ ಬಂದಳು. "ನಾನು ನೋಡಿದ್ದೆ ಕಣವ್ವಾ. ಅವತ್ತೇ ಹೇಳ್ಬೇಕಿತ್ತು. ಹೆದ್ರಿಕೊಂಡೆ" ಎಂದು ದೊಡ್ಡ ದನಿಯಲ್ಲಿ ಹೇಳಿ ಕೂತಳು. ಅನಿಲ್ ಕುಮಾರ್ ಮಾತ್ರ ಕೂರಲಿಲ್ಲ. ಅಂಗಡಿಯ ಮೆಟ್ಟಿಲಿಂದಲೇ, ತಲೆ ಕೆಳಗೆ ಹಾಕಿ, "ನಾನೂ ನೋಡಿದ್ದೆ" ಅಂದ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಹಾಕಲಿ, ಇವತ್ತಾದರೂ ಹಾಕಿದರಲ್ಲ.

ಗೌರೀಶ್ ತನ್ನ ಕೈಯನ್ನು ತಾನೇ ನೋಡಿಕೊಂಡ. ಕೆಳಗಿಳಿಸಿದ. ರಸ್ತೆ ನೋಡಿದ, ಗೇಟು ನೋಡಿದ, ಗೇಟಿನೊಳಗೆ ಧೂಳು ಹಿಡಿದು ನಿಂತಿದ್ದ ಸ್ಕೂಟರು ನೋಡಿದ. ಅವನ ಮುಖದ ಬಣ್ಣ ಇಳಿಯಿತು. ನೆನಪಾಯಿತು ಅಂತ ಗಿರಿಜಾಂಬಾಳಿಗೆ ಗೊತ್ತಾಯಿತು. ಅಷ್ಟು ಜನರ ಎದುರು, ಮೂರು ಮೊಬೈಲಿನ ಎದುರು, ಖಾದಿ ಜುಬ್ಬದ ಗೌರೀಶ್ ಮೋರಿಯ ಅಂಚಿಗೆ ಮಂಡಿಯೂರಿ, ಆ ಕರಡಿಗೆಯನ್ನು ಎತ್ತಿದ. ಜುಬ್ಬದ ತುದಿ ಕೊಚ್ಚೆಗೆ ತಾಗಿತು. ಗಿರಿಜಾಂಬಾ ಕಣ್ತುಂಬ ನೋಡಿದಳು. ಹೋಳಿಗೆ ಊಟದ ಮೇಲೆ ಎಲೆ ಅಡಿಕೆ ಹಾಕಿಕೊಂಡಷ್ಟು ತೃಪ್ತಿಯಾಯಿತು.

"ತಗೊಳ್ಳಿ ಅಮ್ಮಾ" ಅಂದ.

"ನನಗಲ್ಲ. ಮೇಲಿದಾರೆ. ಹೋಗಿ ಕೊಡಿ."

*

ಮುಂದೆ ಗೌರೀಶ್, ಹಿಂದೆ ಗಿರಿಜಾಂಬಾ. ಹದಿನಾಲ್ಕು ಮೆಟ್ಟಿಲು. ಬಾಗಿಲು ತೆರೆದಿತ್ತು. ವೃಷಭೇಂದ್ರಪ್ಪನವರು ಹೊಸ್ತಿಲ ಒಳಗೆ ನಿಂತಿದ್ದರು. ಗೌರೀಶ್ ಎರಡೂ ಕೈಯಲ್ಲಿ ಕರಡಿಗೆ ಚಾಚಿದ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿ ಎದೆಗೆ ಹಿಡಿದುಕೊಂಡರು.

ಗಿರಿಜಾಂಬಾ ಕಾದಳು. ಮೂರು ವರ್ಷ ಕಾದಿದ್ದಳು, ಇನ್ನೊಂದು ಗಳಿಗೆ. ಒಂದು ಏಟು ಬೇಡ, ಒಂದು 'ಥೂ' ಆದರೂ ಅನ್ನಲಿ. ಇವತ್ತು ಅನ್ನದಿದ್ದರೆ ಇನ್ಯಾವತ್ತು?

"ಬಾಪ್ಪ, ಒಳಗೆ ಬಾ" ಅಂದರು ವೃಷಭೇಂದ್ರಪ್ಪನವರು. "ಬಿಸಿಲಲ್ಲಿ ತುಂಬಾ ಹೊತ್ತು ನಿಂತ್ಬಿಟ್ಟೆ. ಗಿರಿಜಾ, ಒಂದೆರಡು ಲೋಟ ಕಾಫಿ ಮಾಡು."

ಕಾಫಿ! ಇವನಿಗೆ! ಗಿರಿಜಾಂಬಾಳ ಮೈ ಧಗಧಗ ಉರಿಯಿತು. ಬಾಯಿ ತೆರೆದಳು, ಗಂಡನ ಮುಖ ನೋಡಿ ಮುಚ್ಚಿದಳು. ಮೂರು ವರ್ಷದಲ್ಲಿ ಮೊದಲ ಸಲ ಬಂದವರನ್ನು ಕಂಡು ಅವರು ಒಳಕೋಣೆಗೆ ಓಡಿಹೋಗಿರಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿದಳು. ಗಂಡನ ಲೋಟಕ್ಕೆ ಎಂದಿನಂತೆ ಅರ್ಧ ಚಮಚ ಸಕ್ಕರೆ ಹಾಕಿದಳು. ಇನ್ನೊಂದು ಲೋಟಕ್ಕೆ ಡಿಕಾಕ್ಷನ್ ಎರಡರಷ್ಟು ಸುರಿದು, ಸಕ್ಕರೆ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿಟ್ಟಳು.

ಗೌರೀಶ್ ಮೊದಲ ಗುಟುಕಿಗೇ ತಡೆದ. ಅವಳನ್ನು ನೋಡಿದ. ಅವಳೂ ನೋಡಿದಳು, ಕಣ್ಣಿಗೆ ಕಣ್ಣಿಟ್ಟು. ಅವನು ತಲೆ ಬಗ್ಗಿಸಿ, ತಳದ ಗಸಿಯವರೆಗೆ ಕುಡಿದು ಲೋಟ ಕೆಳಗಿಟ್ಟ. ಅದು ಕೂಟದ ಅಭ್ಯಾಸವೋ, ನಿಜವಾದ ನಾಚಿಕೆಯೋ ಅವಳಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ದರ್ದೂ ಅವಳಿಗಿರಲಿಲ್ಲ.

"ನಂದು ತಪ್ಪಾಯ್ತು ಸಾರ್. ಬರ್ತೀನಿ" ಎಂದು ಅವನು ಎದ್ದ.

ವೃಷಭೇಂದ್ರಪ್ಪನವರೂ ಎದ್ದರು. "ಇರು, ಕೆಳಗಿನವರ್ಗೂ ಬರ್ತೀನಿ" ಅಂದರು.

ಹೆಂಡತಿಯ ಕಣ್ಣೀರಿಗೆ, ಮಠದ ಅಯ್ಯನವರ ಮಾತಿಗೆ ಎದ್ದಿರದ ಮನುಷ್ಯ, ಮನೆಯಲ್ಲಿ ಕಾಫಿ ಕುಡಿದವನನ್ನು ಕಳಿಸಿಕೊಡಬೇಕಲ್ಲ ಅಂತ ಹೊರಟಿದ್ದರು. ಚಪ್ಪಲಿಗೆ ಬಾಗಿಲ ಪಕ್ಕ ಕಾಲಾಡಿಸಿದರು, ಅದು ಅಟ್ಟದಲ್ಲಿತ್ತು. ಬರಿಗಾಲಲ್ಲೇ ಇಳಿದರು. ಅವಳು ಕಿಟಕಿಗೆ ಓಡಿದಳು. ಕೆಳಗೆ ಬೀದಿ ಹಾಗೇ ನಿಂತಿತ್ತು. ಗೇಟು ತೆರೆದು ಬಿಸಿಲಿಗೆ ಬಂದವರನ್ನು ಕಂಡು ಚಿಕ್ಕಮುನಿಯಮ್ಮ ಎದ್ದು ನಿಂತು ಸೆರಗು ತಲೆಗೆ ಎಳೆದುಕೊಂಡಳು. ಗೌರೀಶ್ ಕಾರು ಹತ್ತಲಿಲ್ಲ, ನಡೆದೇ ಹೋದ. ಅವನು ತಿರುವು ದಾಟುವವರೆಗೂ ಇವರು ಗೇಟಿನಲ್ಲಿ ನಿಂತಿದ್ದರು. ಆಮೇಲೆ ಒಳಗೆ ಬರುತ್ತಾರೆಂದುಕೊಂಡರೆ, ಮೂಲೆಯವರೆಗೆ ನಡೆದು ಹೋದರು.

ಹತ್ತು ನಿಮಿಷದ ಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ವೃಷಭೇಂದ್ರಪ್ಪನವರ ಕಾಲೆಲ್ಲಾ ಧೂಳು, ಕೈಯಲ್ಲಿ ಎಲೆಯಲ್ಲಿ ಸುತ್ತಿದ ಎರಡು ಮೊಳ ಮಲ್ಲಿಗೆ. ಅದನ್ನು ಅವಳ ಕೈಗಿಟ್ಟು, ಖಾಲಿಯಾದ ಲೋಟ ನೋಡಿ ಹೇಳಿದರು.

"ಆ ಹುಡುಗನ ಕಾಫಿಗೆ ನೀನು ಸಕ್ಕರೆ ಹಾಕೋದು ಮರ್ತಿದ್ದೆ ಅನ್ಸತ್ತೆ ಗಿರಿಜಾ. ಮುಖ ಕಿವುಚ್ಕೊಂಡು ಕುಡೀತಿದ್ದ, ಪಾಪ."

ಗಿರಿಜಾಂಬಾ ಹೂವನ್ನು ತುರುಬಿಗೆ ಸಿಕ್ಕಿಸಿಕೊಂಡಳು.

"ಮರ್ತಿರ್ಲಿಲ್ಲ" ಅಂದಳು.